ಮೂರನೆಯ ಕಾಲಂ

ಶನಿವಾರ ಮಧ್ಯಾಹ್ನ ಎರಡೂವರೆ.
ಬೇರೆ ಕೋಣೆ ಖಾಲಿಯಿಲ್ಲ, ಕೆಮಿಸ್ಟ್ರಿ ಲ್ಯಾಬೇ ತರಗತಿ.
ಪೇಪರಿನ ಹೆಸರು ವೃತ್ತಿ ಯೋಜನೆ,
ಎರಡು ಕ್ರೆಡಿಟ್ಟು, ಪರೀಕ್ಷೆಯಿಲ್ಲ,
ಯಾರೂ ಒಲ್ಲೆನೆಂದು ಸರಿಸಿದ್ದು ಸರಿದು ಸರಿದು
ನನ್ನ ಟೈಂಟೇಬಲ್ಲಿಗೆ ಬಂದು ನಿಂತಿದೆ.

ಮೂವತ್ತೆಂಟು ಮಂದಿ, ಎತ್ತರದ ಸ್ಟೂಲುಗಳ ಮೇಲೆ.
ಬೆಳಗಿನ ಬ್ಯಾಚಿನವರು ಯಾರೋ
ಬ್ಯುರೆಟ್ಟಿನ ತಿರುಪು ಪೂರ್ತಿ ಮುಚ್ಚಿಲ್ಲ;
ಕೆಳಗೆ ಮರೆತುಹೋದ ಫ್ಲಾಸ್ಕಿಗೆ
ತೊಟ್ಟು, ಸ್ವಲ್ಪ ತಡೆದು ಇನ್ನೊಂದು ತೊಟ್ಟು,
ನನ್ನ ಮಾತಿಗೆ ಹೂಂಗುಟ್ಟುವ ಅಜ್ಜಿಯ ಹಾಗೆ.

ಜೆರಾಕ್ಸ್ ಹಾಳೆ ಹಂಚಿದೆ. ಮೂರು ಕಾಲಂ:
ನನಗೆ ಏನು ಇಷ್ಟ.
ನನಗೆ ಏನು ಬರುತ್ತದೆ.
ಅದಕ್ಕೆ ಯಾರು ಸಂಬಳ ಕೊಡುತ್ತಾರೆ.
ಕೆಳಗೆ ಚೌಕದಲ್ಲಿ: ಐದು ವರ್ಷದ ನಂತರ ನೀವು ಎಲ್ಲಿರುತ್ತೀರಿ?

ಮೊದಲೆರಡು ಬೇಗ ತುಂಬಿದವು.
ಮೂರನೆಯದಕ್ಕೆ ಬಂದಾಗ ಪೆನ್ನುಗಳೆಲ್ಲ
ಎನ್.ಆರ್. ವೃತ್ತದ ಸ್ಕೂಟರುಗಳ ಹಾಗೆ
ಒಂದರ ಹಿಂದೊಂದು ನಿಂತವು.

ದುದ್ದದ ತೀರ್ಥೇಶ ಬರೆದಿದ್ದ: ಇಷ್ಟ, ಆಲೂಗಡ್ಡೆಯ ಅಂಗಮಾರಿ.
‘ರೋಗ ಯಾರಿಗಾದ್ರೂ ಇಷ್ಟ ಆಗುತ್ತೇನೋ?’ ಹಿಂದಿನ ಬೆಂಚು ನಕ್ಕಿತು.
ಅವನು ನಗಲಿಲ್ಲ.
‘ಎಲೆ ಮಗುಚಿ ನೋಡಿದ್ದೀರ ಮೇಡಂ?
ಮೋಡ ಕವಿದ ಬೆಳಗ್ಗೆ, ಕಲೆಯ ಅಂಚಿಗೆ
ಸಕ್ಕರೆ ಪುಡಿ ಉದುರಿಸಿದ ಹಾಗೆ ಬೆಳ್ಳಗೆ.
ಒಂದೇ ರಾತ್ರಿಗೆ ಪಕ್ಕದ ಸಾಲಿಗೆ
ಅದು ಹೆಂಗೆ ಹೋಯ್ತು ಅಂತ ಗೊತ್ತಾಗಬೇಕು ನಂಗೆ.’
ಬರುವುದು: ಮೈಕ್ರೋಸ್ಕೋಪು ಕೆಟ್ಟರೆ ಬಿಚ್ಚಿ ಜೋಡಿಸುವುದು.
ಮೂರನೆಯದು ಬಿಳಿ.

ತೋಟಗಾರಿಕೆಯವರ ಸಂಶೋಧನಾ ಕೇಂದ್ರವಿದೆಯಲ್ಲ, ಅಂದೆ,
ಸೋಮವಾರ ಹೋಗು.
ಬಯೋಡೇಟಾ ಆಮೇಲೆ, ಮೊದಲು ಎಲೆ ತಗೊಂಡು ಹೋಗು.
ಹನ್ನೊಂದು ವರ್ಷದಲ್ಲಿ ನಾನು ಕೊಟ್ಟ
ಒಂದೇ ನೆಟ್ಟಗಿನ ಸಲಹೆ ಅದಿರಬಹುದು.

ಪೆನ್ಷನ್ ಮೊಹಲ್ಲಾದ ಮುಬೀನಾಳ ಹಾಳೆಯಲ್ಲಿ
ಮೂರೂ ಕಾಲಂ ಅಡ್ಡ ಹಾಯ್ದು ಒಂದೇ ಪದ: ತಟ್ಟೆ.
ಸಾಲಗಾಮೆ ರಸ್ತೆಯಲ್ಲಿ, ಕಾಂಪೌಂಡಿನಾಚೆ,
ಆಕಾಶಕ್ಕೆ ಹಿಡಿದ ದೊಡ್ಡ ಬಿಳಿ ತಟ್ಟೆಗಳು.
ಏಳನೇ ಕ್ಲಾಸಿನಿಂದ ಟ್ಯೂಷನ್ ಆಟೋದ ಸಂದಿಯಲ್ಲಿ ನೋಡಿದ್ದಾಳೆ.
‘ಒಳಗೆ ಹೋಗೋಕೆ ಯಾವ ಡಿಗ್ರಿ ಬೇಕು?’
ಗೊತ್ತಿದ್ದಷ್ಟು ಹೇಳಿದೆ. ಅರ್ಜಿ, ಬರಹದ ಪರೀಕ್ಷೆ, ವಯಸ್ಸಿನ ಮಿತಿ.
ಎಲ್ಲ ಬರೆದುಕೊಂಡು ತಲೆಯೆತ್ತಿ ಕೇಳಿದಳು:
‘ಅವು ಯಾವಾಗ್ಲೂ ಒಂದೇ ಕಡೆ ನೋಡ್ತಾವಲ್ಲ, ಯಾಕೆ?’

ಮೇಲಿರುವುದೂ ಅಲ್ಲೇ ಇದೆ, ಅಂದೆ.
ಭೂಮಿ ತಿರುಗುವಷ್ಟೇ ಹೊತ್ತಿಗೆ ಅದೂ ಒಂದು ಸುತ್ತು.
ಇಲ್ಲಿಂದ ನೋಡಿದರೆ ಕಂಬ ನೆಟ್ಟ ಹಾಗೆ ನಿಂತಿದೆ,
ಅಲ್ಲಿ ಕ್ಷಣಕ್ಕೆ ಮೂರು ಕಿಲೋಮೀಟರ್ ಓಟ.
ನಿಲ್ಲಿಸಿದರೆ ಬೀಳುತ್ತದೆ.

ಆಗಲೇ ಹೊನ್ನೇಶ, ಕುಚೋದ್ಯಕ್ಕೋ ಕುತೂಹಲಕ್ಕೋ:
‘ಮೇಡಂ, ನಿಮ್ಮ ಹಾಳೆ?’

ನಾನು ಅತಿಥಿ ಉಪನ್ಯಾಸಕಿ.
ಅತಿಥಿ ಬಂದರೆ ಮಣೆ ಹಾಕುವುದು ವಾಡಿಕೆ;
ಸ್ಟಾಫ್ ರೂಮಿನಲ್ಲಿ ನನ್ನದು ಕಿಟಕಿಯ ಕಟ್ಟೆ.
ಸೆಮಿಸ್ಟರ್ ಮುಗಿದರೆ ಮನೆಗೆ, ಮತ್ತೆ ಹೊಸ ಅರ್ಜಿ,
ಹಳೆಯದೇ ಫೋಟೋ; ಅದರಲ್ಲಿರುವವಳಿಗೆ
ಈಗಲೂ ಇಪ್ಪತ್ತೇಳು.
ಐದು ವರ್ಷದ ಚೌಕದಲ್ಲಿ ನಾನು
ಐದು ತಿಂಗಳಿನ ಆಚೆ ಬರೆದವಳಲ್ಲ.

ಆದರೂ ಚಾಕ್ ಎತ್ತಿಕೊಂಡೆ.
ಇಷ್ಟ: ಒಂದೇ ತೊಟ್ಟಿಗೆ ಬಣ್ಣ ತಿರುಗುವ ಗಳಿಗೆ.
ಬರುತ್ತದೆ: ಆ ತೊಟ್ಟು ಯಾವುದೆಂದು ಮುಂಚೆಯೇ ಹೇಳುವುದು.
ಸಂಬಳ: ಸರ್ಕಾರ, ಮೂರು ತಿಂಗಳು ತಡವಾಗಿ.
ಎಲ್ಲರೂ ನಕ್ಕರು, ನಾನೂ.
ಚೌಕ ಮಾತ್ರ ಬಿಟ್ಟೆ. ಯಾರೂ ಕೇಳಲಿಲ್ಲ.

ನಾಲ್ಕೂ ಹತ್ತರ ಬಸ್ಸಿಗೆ ಓಡಿದರು.
ಹಾಳೆ ಜೋಡಿಸುವಾಗ ತೀರ್ಥೇಶನದು ಮೇಲಿತ್ತು,
ಬಿಳಿ ಕಾಲಂನಲ್ಲಿ ಪೆನ್ಸಿಲ್ಲಿನಲ್ಲಿ: ‘ಕೇಳಿ ನೋಡ್ತೀನಿ.’

ಫ್ಲಾಸ್ಕಿನ ಕಡೆ ತಿರುಗಿದೆ.
ಕಡು ಗುಲಾಬಿ. ಎಂಡ್ ಪಾಯಿಂಟ್ ದಾಟಿ ಎಷ್ಟು ಹೊತ್ತಾಯಿತೋ,
ರೀಡಿಂಗ್ ಯಾರ ಹತ್ತಿರವೂ ಇಲ್ಲ.
ತಿರುಪು ಮುಚ್ಚಿದೆ, ತೊಳೆದೆ,
ಸೋಮವಾರದ ಬ್ಯಾಚಿಗೆಂದು ಕವುಚಿಟ್ಟೆ.